ಫೀಲ್ ಮಾಡ್ಬೇಡಿ ಆಯ್ತಾ

“ಇದರಲ್ಲಿ ಎಂತ ಬರೆದದ್ದು? ಸ್ವಲ್ಪ ಓದು.”

ಶಂಕರಪುರದ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ನನ್ನ ಸಿಸಿಲಿ ದೊಡ್ಡಮ್ಮ ಕೈ ನಿಲ್ಲಿಸದೆ, ಗಲ್ಲದಿಂದಲೇ ಮೊಬೈಲ್ ತೋರಿಸಿದರು. (ನಾವು ಮನೆಯಲ್ಲಿ ಆಡುವುದು ಕೊಂಕಣಿ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ.) ಮೊಬೈಲಿನಲ್ಲಿ ಮದುವೆಯ ಕಾರ್ಡು. ಗುಲಾಬಿ ಹೂ, ಎರಡು ಪಾರಿವಾಳ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಪ್ಲೀಸ್ ಫೀಲ್ ಫ್ರೀ ಟು ಜಾಯಿನ್ ಅಸ್.

ಓದಿದೆ. ಗಟ್ಟಿಯಾಗಿ ಅಲ್ಲ, ಮನಸ್ಸಿನಲ್ಲೇ.

ಮದುವೆ ಯಾರದ್ದು? ರೆನಿಟಾಳದ್ದು. ದೊಡ್ಡಮ್ಮನ ಸ್ವಂತ ತಮ್ಮ ಕಾರ್ಕಳದಲ್ಲಿದ್ದಾರೆ; ಅವರ ಮಗಳು. ಚರ್ಚಿನಲ್ಲಿ ಜ್ಞಾನಸ್ನಾನವಾದ ದಿನ ಆ ಮಗುವನ್ನು ಕೈಯಲ್ಲಿ ಹಿಡಿದು ನಿಂತ ಗಾಡ್‌ಮದರ್ ಇದೇ ದೊಡ್ಡಮ್ಮ. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ‘ರೋಸ್’ ಇರುತ್ತದೆ; ಮದುಮಗಳನ್ನು ಕೂರಿಸಿ ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಪ್ಪ ಅಮ್ಮ ಹಚ್ಚಿದ ಕೂಡಲೇ ಗಾಡ್‌ಮದರ್ ಹಚ್ಚಬೇಕು. ಅಂಥವರಿಗೆ ಬಂದ ಕರೆ ಇದು. ಫೀಲ್ ಫ್ರೀ ಅಂತೆ, ಮನಸ್ಸಿದ್ದರೆ ಬನ್ನಿ ಅಂತೆ.

ನಮ್ಮ ಕಡೆ ಹೇಳಿಕೆ ಅಂದರೆ ಮನೆಗೆ ಬಂದು ಹೇಳುವುದು. ಚಪ್ಪಲಿ ಕಳಚಬೇಕು, ಕೂರಬೇಕು, ಕೊಟ್ಟ ಶರಬತ್ತು ಕುಡಿಯಬೇಕು. ಹೊರಡುವಾಗ ಗೇಟಿನ ಹತ್ತಿರ ನಿಂತು ‘ಬರ್ಲೇಬೇಕು, ಬಾರದಿದ್ರೆ ನೋಡಿ’ ಎಂದು ಹೆದರಿಸಬೇಕು. ಹೆದರಿಸದ ಹೇಳಿಕೆ ಹೇಳಿಕೆಯೇ ಅಲ್ಲ. ತುಳು ಮಾತಾಡುವವರಿರಲಿ, ಬ್ಯಾರಿ ಮಾತಾಡುವವರಿರಲಿ, ಇದರಲ್ಲಿ ಮಾತ್ರ ನಾವೆಲ್ಲ ಒಂದೇ ಜಾತಿ.

“ಎಂತ ಬರೆದದ್ದು ಅಂತ ಕೇಳಿದ್ದು ನಾನು.”

“ಖಂಡಿತ ಬರಬೇಕು ಅಂತ ಬರೆದಿದ್ದಾರೆ” ಅಂದೆ.

ದೊಡ್ಡಮ್ಮ ನನ್ನ ಮುಖ ನೋಡಿದರು. “ಅವರು ಬಂದು ಹೇಳದಿದ್ರೆ ನಾನು ಹೋಗುವುದಿಲ್ಲ. ಹೂವು ಕಳಿಸ್ತೇನೆ.”

ಹೇಳುವುದೇನೋ ಸುಲಭವಾಗಿ ಹೇಳಿದರು. ಆದರೆ ಒಳಗೆ ಕಪಾಟಿನಲ್ಲಿ ಆ ಸಂಜೆಗೆಂದೇ ತೆಗೆದ ಸೀರೆ ಇಸ್ತ್ರಿಯಾಗಿ ಕೂತಿತ್ತು. ಹೂವಿನ ಏಜೆಂಟನಿಗೆ ‘ಆ ದಿನ ನನ್ನ ಗಿಡದ ಒಂದು ಮೊಗ್ಗೂ ಕೊಡುವುದಿಲ್ಲ’ ಎಂದು ಆಗಲೇ ಹೇಳಿಯಾಗಿತ್ತು. ನನಗೆ ಸಿಟ್ಟು ಬಂತು.

ಈ ಫೀಲ್ ಎಂಬ ಶಬ್ದದ ಮೇಲೆ ನನಗೆ ಸಿಟ್ಟು ಹೊಸದೇನಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನಾಗಿ ತುರುಕಿಕೊಳ್ಳುವವರಿಲ್ಲವೇ, ಹಾಗೆ ಇದು ಯಾವ ಪದದ ಪಕ್ಕದಲ್ಲಾದರೂ ಕೂತುಬಿಡುತ್ತದೆ. ಗುಡ್, ಬ್ಯಾಡ್, ಶೈ, ಗಿಲ್ಟಿ, ಜೆಲಸ್. ಪಿಟಿಯ ಜೊತೆಗೂ ಸೈ, ಪೇನ್ ಜೊತೆಗೂ ಸೈ. ಮಣಿಪಾಲದಲ್ಲಿ ಓದುವ ನನ್ನ ಮಗಳಿಗೆ ಬೆಳಿಗ್ಗೆ ಫೀಲಿಂಗ್ ಲೋ, ಸಂಜೆ ಗೋಳಿಬಜೆ ಕಂಡರೆ ಫೀಲಿಂಗ್ ಬೆಟರ್. ಕಾಪು ದೀಪಸ್ತಂಭದ ಎದುರು ಸೆಲ್ಫಿ ತೆಗೆದ ಪಕ್ಕದ ಮನೆಯವರು ಫೀಲಿಂಗ್ ಬ್ಲೆಸ್ಡ್. (ಬಿಸಿಲಿಗೆ ಮುಖ ಸುಟ್ಟಿರುವುದು ಫೋಟೋದಲ್ಲೇ ಕಾಣುತ್ತದೆ.) ನಮಗೆ ಮೊದಲು ನಾಚಿಕೆಯಾಗುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು, ಪಾಪ ಅನಿಸುತ್ತಿತ್ತು. ಈಗ ಎಲ್ಲ ಬೀಗಕ್ಕೂ ಒಂದೇ ಕೀಲಿಕೈ.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆ. ಇದೇ ಮದುವೆಗೆಂದು ಕಟಪಾಡಿಯ ಟೈಲರಿಗೆ ರವಿಕೆ ಕೊಟ್ಟಿದ್ದೆ. ತೋಳು ಎಷ್ಟು ಬಿಗಿ ಅಂದರೆ ಕೈ ಎತ್ತಿ ಬಸ್ಸು ನಿಲ್ಲಿಸುವ ಹಾಗಿಲ್ಲ. ಆತ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನಗುತ್ತ ಹೇಳಿದ, “ಫೀಲ್ ಬ್ಯಾಡ್ ಮಾಡ್ಬೇಡಿ ಮೇಡಂ, ಆಯ್ತಾ.” ನೋಡಿ ಇದರ ಚಮತ್ಕಾರ. ಕತ್ತರಿ ಅವನದು, ತಪ್ಪು ಅವನದು. ಫೀಲ್ ಮಾತ್ರ ನನ್ನದು. ಅದನ್ನೂ ನಾನು ಮಾಡಬಾರದಂತೆ. ತಪ್ಪಾಯಿತು ಎಂಬ ಮಾತು ಯಾವ ಅಂಗಡಿಯಲ್ಲೂ ಸ್ಟಾಕ್ ಇಲ್ಲವೇ?

ಕಾರ್ಕಳಕ್ಕೆ, ರೆನಿಟಾಳ ಅಮ್ಮ ಹಿಲ್ಡಾ ಮಾಮಿಗೆ ಫೋನ್ ಮಾಡಿ ವಿಷಯ ಹೇಳಿದೆ.

“ಛೆ, ಫೀಲ್ ಬ್ಯಾಡ್ ಮಾಡಿಕೊಂಡ್ರಾ ಅವರು? ಎಲ್ಲರಿಗೂ ಮೊಬೈಲಿಗೇ ಹಾಕಿದ್ದು ಮಾರಾಯ್ತಿ. ಹಾಲ್‌ನವರು, ಊಟದವರು, ಬ್ಯಾಂಡಿನವರು ಅಂತ ನನ್ನ ತಲೆ ತಿರುಗ್ತಾ ಉಂಟು. ಮನೆ ಮನೆಗೆ ಹೋಗ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು?”

“ಮನೆ ಮನೆಗೆ ಬೇಡ ಮಾಮಿ. ಒಂದು ಮನೆಗೆ.”

“ಹತ್ತಿರದವರಲ್ವಾ, ಅರ್ಥ ಮಾಡಿಕೊಳ್ತಾರೆ. ನೀನೇ ಹೇಳು, ಫೀಲ್ ಮಾಡ್ಬೇಡಿ ಅಂತ.”

ಅದೇ ವಾರ ಮಾಮಿ ಬಜಗೋಳಿಗೆ ಹೋಗಿ ಹುಡುಗನ ಕಡೆಯ ಯಾರೋ ದೂರದ ನೆಂಟರಿಗೆ ಕೈಯಾರೆ ಕಾರ್ಡು ಕೊಟ್ಟ ಫೋಟೋ ಕುಟುಂಬದ ಗ್ರೂಪಿನಲ್ಲಿ ಬಿತ್ತು. ಎಲ್ಲರೂ ಹೃದಯ ಒತ್ತಿದರು. ದೂರದವರಿಗೆ ಮರ್ಯಾದೆ, ಹತ್ತಿರದವರಿಗೆ ಅರ್ಥ ಮಾಡಿಕೊಳ್ಳುವ ಕೆಲಸ. ಈ ನಿಯಮ ಮಾಡಿದವರು ಯಾರು?

ಕೊನೆಗೆ ಮಣಿಪಾಲದಲ್ಲಿ ಕೆಲಸ ಮಾಡುವ ರೆನಿಟಾಳಿಗೇ ಹೇಳಿದೆ. ಆ ಹುಡುಗಿಗೆ ಕಾರ್ಡಿನ ಸಾಲು ಯಾರು ಬರೆದದ್ದು ಎಂದೂ ಗೊತ್ತಿರಲಿಲ್ಲ. ಮರುದಿನ ಸಂಜೆ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ನೇರ ಶಂಕರಪುರಕ್ಕೆ ಬಂದಳು. ಚಪ್ಪಲಿ ಕಳಚಿದಳು, ಜಗಲಿಯಲ್ಲಿ ದೊಡ್ಡಮ್ಮನ ಎದುರು ಕೂತಳು.

“ಆಂಟಿ, ನೀವು ಬರ್ಲೇಬೇಕು.”

“ನಿನ್ನ ಅಮ್ಮ ಹೇಳ್ಬೇಕು ಅದನ್ನು. ಮದುಮಗಳು ಹೇಳುವ ಕ್ರಮ ಇಲ್ಲ.”

“ಕ್ರಮ ಎಂತ ಬೇಕಾದ್ರೂ ಇರ್ಲಿ. ನೀವು ಬಾರದಿದ್ರೆ ನಾನು ಯಾರಿಗೂ ತಲೆ ಕೊಡುವುದಿಲ್ಲ. ಹಾಲು ಪಾತ್ರೆಯಲ್ಲೇ ಹುಳಿ ಆಗ್ಲಿ.”

ನೋಡಿ, ಹೆದರಿಸಿದಳು. ದೊಡ್ಡಮ್ಮ ಇನ್ನೂ ನಾಲ್ಕು ಮೊಗ್ಗು ಕಟ್ಟಿದರು. ಆಮೇಲೆ ತಲೆಯೆತ್ತದೆ ಕೇಳಿದರು, “ಸಂಜೆ ಎಷ್ಟು ಗಂಟೆಗೆ?” ನಾನು ಶರಬತ್ತು ಮಾಡಲು ಒಳಗೆ ಹೋದೆ. ಕಣ್ಣು ಒರೆಸಿಕೊಳ್ಳಲೂ ಅಡುಗೆಮನೆ ಅನುಕೂಲ.

ರೋಸ್ ನಡೆದದ್ದು ಕಾರ್ಕಳದ ಮನೆಯಲ್ಲೇ. ದೊಡ್ಡಮ್ಮ ಹುಟ್ಟಿದ್ದು ಆ ಮನೆಯಲ್ಲಿ. ಮದುವೆಯಾಗಿ ಹೊರಟದ್ದು ಅದೇ ಮೆಟ್ಟಿಲು ಇಳಿದು. ಇಸ್ತ್ರಿ ಮಾಡಿದ ಸೀರೆಯುಟ್ಟು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ಎದೆಗೊತ್ತಿಕೊಂಡು ಆ ಮೆಟ್ಟಿಲು ಹತ್ತಿದರು. ಹಿಂದೆ ನಾನು, ಬಿಗಿ ತೋಳಿನ ರವಿಕೆಯಲ್ಲಿ.

ಬಾಗಿಲಲ್ಲಿ ಹಿಲ್ಡಾ ಮಾಮಿ. ಮುಖದ ತುಂಬ ನಗು, ಕೈಯಲ್ಲಿ ಜ್ಯೂಸಿನ ಟ್ರೇ. “ಬನ್ನಿ ಬನ್ನಿ. ಪ್ಲೀಸ್, ಫೀಲ್ ಎಟ್ ಹೋಮ್.”

ದೊಡ್ಡಮ್ಮ ಅಲ್ಲೇ ನಿಂತು ನನ್ನ ಕಡೆ ತಿರುಗಿದರು. “ಎಂತ ಹೇಳಿದ್ದು ಅವಳು?”

ಹುಟ್ಟಿದ ಮನೆಯ ಮೆಟ್ಟಿಲ ಮೇಲೆ ನಿಂತವರಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳಲಿ, ನೀವೇ ಹೇಳಿ?