ಫಾರ್ಕರ್‌ನ ಎಂಟು ಗಜ ಉಣ್ಣೆ

“ನಮ್ಮ ಫಾರ್ಕರ್ ಸ್ವಂತ ಕಿಲ್ಟ್ ಉಡದೇನೇ ಮಣ್ಣಿಗೆ ಹೋಗ್ತಾನೆ, ಬರೆದಿಟ್ಕೊಳ್ಳಿ” ಎಂದು ಮ್ಯಾಲೆಗ್ ಬಂದರಿನ ನೆರೆಹೊರೆಯವರು ನಗುತ್ತಿದ್ದರು. ಕುಲಕ್ಕೊಂದು ಬಣ್ಣದ ಚೌಕುಳಿಯಲ್ಲಿ ಎಂಟು ಗಜ ಉಣ್ಣೆ ಹಿಡಿಯುವ ಗಂಡಸರ ಆ ನೆರಿಗೆಲಂಗ ಬಲು ದುಬಾರಿ; ಮದುವೆಯ ದಿನವೂ ಅವನು ಉಟ್ಟಿದ್ದು ಗೆಳೆಯನ ಕಿಲ್ಟನ್ನೇ. ವರ್ಷಗಟ್ಟಲೆ ಮೀನಿನ ಬಲೆ ಹೆಣೆದು, ಸಂಜೆಯ ಬಿಯರು ಬಿಟ್ಟು, ಕಾಸು ಕೂಡಿಟ್ಟು, ಅರವತ್ತು ದಾಟಿದ ಮೇಲೆ ಅವನು ಕಿಲ್ಟ್ ಹೊಲಿಯುವ ಈಶ್‌ಬೆಲಳ ಬಾಗಿಲು ತಟ್ಟಿದ.

“ಯಾವ ಕುಲದ ಚೌಕುಳಿ? ನಿಮ್ಮಪ್ಪಂದೇ ತಾನೆ?” ಎಂದಳು ಅವಳು.

“ಬಿಟ್ಟು ಓಡಿಹೋದೋನ ಬಣ್ಣ ನಂಗ್ಯಾಕವ್ವ? ಹೆರಿಂಗ್ ಮೀನು ಸೀಳಿ ಸಾಕಿದೋಳು ನಮ್ಮವ್ವ. ಅವಳ ಕುಲದ್ದೇ ಹೊಲಿ. ನೆರಿಗೆ ಒಳಗೆ ಬಟ್ಟೆ ಜಾಸ್ತಿ ಬಿಡು.”

“ಈ ವಯಸ್ಸಲ್ಲಿ ಇನ್ನೂ ದಪ್ಪ ಆಗೋ ಆಸೆಯೇನೋ?”

“ನಂಗಲ್ಲ. ನನ್ನ ಮಗ ಲಾಕ್ಲನ್ ನನ್ನ ಎರಡರಷ್ಟಿದಾನೆ.”

ಅದನ್ನುಟ್ಟು ಅವನು ಹೋದದ್ದು ಒಂದೇ ಸಲ, ಅವ್ವನ ಸಮಾಧಿಗೆ. ಆ ಚಳಿಗಾಲದಲ್ಲೇ ಎದೆನೋವು ಅವನನ್ನು ಕರೆದೊಯ್ದಿತು. ಅವ್ವನ ಬಣ್ಣವನ್ನು ಮಣ್ಣಿಗೆ ಹಾಕಕೂಡದೆಂದು ಹೇಳಿಟ್ಟಿದ್ದನಾದ್ದರಿಂದ, ಬಲೆ ಹೆಣೆಯುವಾಗಿನ ಹಳೇ ಉಣ್ಣೆಯಂಗಿಯನ್ನೇ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಈಶ್‌ಬೆಲ್ ರಾತ್ರಿಯೇ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟ ಕಿಲ್ಟನ್ನುಟ್ಟು ಮಗ ಲಾಕ್ಲನ್ ತಲೆಯ ಕಡೆ ಹೆಗಲು ಕೊಟ್ಟ.

ನೆರೆಯವರು ಟೋಪಿ ತೆಗೆದು ನಿಂತರು. ಅವರ ಮಾತಿನಂತೆಯೇ ಫಾರ್ಕರ್ ಕಿಲ್ಟ್ ಉಡದೆ ಹೊಸ್ತಿಲು ದಾಟಿದ.