ವೀರಪ್ಪನ ಎಡಗೈ

ನಮ್ಮೂರು ಕಂಗ್ಟಿಯ ವೀರಪ್ಪನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಹಾಗೆಂದು ಕೆಟ್ಟವನಲ್ಲ. ತೊಗರಿ ಬೆಳೆಯುತ್ತಿದ್ದ, ಯಾರ ಮನೆಯ ಮದುವೆಯಾದರೂ ಪಂಕ್ತಿಯಲ್ಲಿ ಬಡಿಸುವ ಕೈ ಅವನದೇ. ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವನು ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತರೆ ಮಂತ್ರ ನನ್ನ ಅಡುಗೆಮನೆಗೇ ಕೇಳುತ್ತಿತ್ತು.

ಹೋದ ವರ್ಷ ಆರೋಗ್ಯ ಶಿಬಿರದಲ್ಲಿ ನೋಡಿದಾಗ ಅವನ ಬಿಪಿ ಸಿಕ್ಕಾಪಟ್ಟೆ ಏರಿತ್ತು. ತಲೆನೋವಿಲ್ಲ, ಸುಸ್ತಿಲ್ಲ. ಇದು ಹೇಳದೆ ಕೇಳದೆ ರಕ್ತನಾಳ ಹಾಳುಮಾಡುತ್ತದೆ, ಗುಳಿಗೆ ಬಿಟ್ಟರೆ ಲಕ್ವಾ ಹೊಡೆದೀತು, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೆಂಡತಿ ಸುಗಲಾಬಾಯಿ ಅಂದೇ ಹೆದರಿದಳು. ವೀರಪ್ಪ ಗುಳಿಗೆ ನುಂಗಿದ, ಬಿಪಿ ಇಳಿಯಿತು. ಇಳಿದದ್ದೇ ಕುತ್ತಾಯಿತು. ರೋಗವೇ ಹೋಯಿತು ಎಂದುಕೊಂಡ.

ಶ್ರಾವಣ ಬಂತು. ತಿಂಗಳಿಡೀ ಒಪ್ಪತ್ತು. ವ್ರತ ಮುಗಿಯುವವರೆಗೆ ಗುಳಿಗೆಯೂ ಬೇಡ ಎಂದು ತಾನೇ ಒಂದು ನೇಮ ಹುಟ್ಟಿಸಿಕೊಂಡ. ಪೂಜೆ ಮುಗಿಸಿ ನುಂಗಪ್ಪ ಎಂದು ಮಠದ ಅಯ್ಯನವರೇ ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಹೊತ್ತಿನ ಊಟಕ್ಕೆ ಉಪ್ಪಿನಕಾಯಿ ಮಾತ್ರ ಬೇಕೇ ಬೇಕು. ನನಗೆ ರೇಗಿಹೋಯಿತು, ಬೈದೆ.

"ಆರಾಮ ಇದ್ದವಂಗ ಗುಳಿಗಿ ಯಾಕ? ನಂಗ ಯಾನ ಆಗ್ಯಾದ?" ಎಂದು ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಸುಗಲಾಬಾಯಿ ದಿನವೂ ಗುಳಿಗೆ, ನೀರು ಹಿಡಿದು ದೇವರಕೋಣೆಯ ಬಾಗಿಲಲ್ಲಿ ನಿಲ್ಲುವಳು. ಅವನು ಕಣ್ಣೆತ್ತಿ ನೋಡದೆ ಹೊಲಕ್ಕೆ ಹೋಗುವನು. ಒಂದು ಬೆಳಿಗ್ಗೆ ಅವನ ಎಡಗೈ ಬಲವಿಲ್ಲದೆ ಜೋತುಬಿದ್ದದ್ದನ್ನು ಅವಳು ಕಂಡಳು. ಮಳೆಗಾಳಿಗೆ ಜೋಮು ಹಿಡಿದಿದೆ ಎಂದ. ಸ್ವಲ್ಪ ಹೊತ್ತಿಗೆ ಸರಿಯೂ ಹೋಯಿತು. ಆಸ್ಪತ್ರೆಗೆ ನಡೆಯಿರಿ ಎಂದು ಅವಳು ಅಂಗಲಾಚಿದರೆ ಶ್ರಾವಣ ಮುಗಿಯಲಿ ಎಂದ. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ನನಗೂ ಬೆಳಗಾದರೆ ಗೋಡೆಯ ಕಡೆಗೇ ಕಿವಿ.

ಕಡೆಯ ಸೋಮವಾರ ಮಂತ್ರ ಅರ್ಧಕ್ಕೇ ನಿಂತಿತು. ಒಲೆ ಬಿಟ್ಟು ಓಡಿದೆ. ವೀರಪ್ಪನ ಎಡ ಅಂಗೈ ಮಗುಚಿ ಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು. ಜಾರಿದ ಲಿಂಗವನ್ನು ಸುಗಲಾಬಾಯಿ ಸೆರಗಿನಲ್ಲಿ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಕೈ ಬರಲಿಲ್ಲ.

ಈಗ ದಿನವೂ ಸುಗಲಾಬಾಯಿ ಅವನ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟು ಹಿಡಿಯುತ್ತಾಳೆ, ಮೇಲೆ ಲಿಂಗ. ಪೂಜೆ ಮುಗಿಯುತ್ತಲೇ ವೀರಪ್ಪ ತೊದಲುತ್ತಾನೆ. ಅವನ ಮಾತು ಎರಡೆರಡು ಸಲ ಕೇಳಿದರೇ ತಿಳಿಯುವುದು; ಇದೊಂದನ್ನು ಮಾತ್ರ ಅವಳು ಎರಡನೇ ಸಲ ಕೇಳಬೇಕಾಗಿಲ್ಲ.

"ಗುಳಿಗಿ ಕೊಡು."