ನೆಟ್ಟಿ ಪಾಸ್ಕೋಳ ಮೆದು ತೋಟಾ

ನೆಟ್ಟಿ ಪಾಸ್ಕೋ ತನ್ನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಟ್ಟೆ ಒಗೆದುದನ್ನು ನಾನು ಕಂಡವನಲ್ಲ. ಅಲ್ಲಿನ ತೊಟ್ಟಿಯ ಮೇಲೆ ದಪ್ಪ ಹಲಗೆ ಹಾಸಿ, ತೋಟಾ ತುಂಬುವ ಕೈಯಂತ್ರವನ್ನು ಅದಕ್ಕೆ ತಿರುಪು ಹಾಕಿ ಬಿಗಿದಿದ್ದಳು. ಗಂಡನ ಅಂಗಿಗಳು ಅಡುಗೆಮನೆಯ ಬಾನಿಯಲ್ಲಿ ನೆನೆಯುತ್ತಿದ್ದವು. ಆ ಪುಣ್ಯಾತ್ಮ ಅದರ ಬಗ್ಗೆ ಒಂದು ಮಾತೂ ಆಡಿದವನಲ್ಲ.

ನಮ್ಮದು ಮೂಂಟಾ ಪಟ್ಟಣದಾಚೆಯ ಬಾರ್ಲಿ ಸೀಮೆ. ತಾಮ್ರದ ಗಣಿಗಳು ಮುಚ್ಚಿದ ಮೇಲೆ ಗಣಿಗಾರರ ಮಕ್ಕಳು ನೇಗಿಲು ಹಿಡಿದ ನೆಲ. ನೆಟ್ಟಿ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವ ಕೆಲಸ ಮಾಡುತ್ತಿದ್ದಳು. ತೂಕದ ವಿಚಾರದಲ್ಲಿ ಅವಳೊಡನೆ ವಾದಿಸುವುದನ್ನು ಲಾರಿಯವರು ಮೊದಲ ಸುಗ್ಗಿಯಲ್ಲೇ ಬಿಟ್ಟುಬಿಟ್ಟಿದ್ದರು.

ಅವಳ ಅಪ್ಪ ಜಾಬೆಜ್ ಬಿಟ್ಟುಹೋದದ್ದು ಒಂದು ಜೋಡಿನಳಿಗೆಯ ಕೋವಿ. ಕಬ್ಬಿಣ, ಉಕ್ಕಿನ ಎಳೆಗಳನ್ನು ಜಡೆಯಂತೆ ಹೆಣೆದು, ಕಾಯಿಸಿ, ಬಡಿದು ಮಾಡಿದ ನಳಿಗೆಗಳು. ಬಿಸಿಲಿಗೆ ಹಿಡಿದರೆ ಹಾವಿನ ಪೊರೆಯಂತೆ ಮಿರುಗುತ್ತಿದ್ದವು. ಅಂಗಡಿಯ ತೋಟಾದ ಒತ್ತಡವನ್ನು ಅಂಥ ಮುದಿ ಕೋವಿ ತಾಳದು. ನೆಟ್ಟಿ ಹೇಳುತ್ತಿದ್ದುದು ಇಷ್ಟೆ: “ಹೊಸ ತೋಟಾ ಒದೆಯುತ್ತೆ. ಮುದುಕರನ್ನ ಒದೀಬಾರದು, ಮೆಲ್ಲಗೆ ತಳ್ಳಬೇಕು.” ಅದಕ್ಕೆಂದೇ ಅವಳು ಗಿಡ್ಡನೆಯ ಖಾಲಿ ತೋಟಾಗಳನ್ನು ಆರಿಸಿ, ಮೆದುವಾದ ಮದ್ದನ್ನು ತೂಗಿ ಹಾಕಿ, ಉಣ್ಣೆಯ ಬಿಲ್ಲೆಯಿಟ್ಟು, ಹಗುರವಾಗಿ ಚರೆ ತುಂಬಿ, ಬಾಯಿ ಮಡಿಸುತ್ತಿದ್ದಳು. ಕೈಪಿಡಿಯ ಅಳತೆಯನ್ನು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. ಅಂದಾಜು ಎಂಬ ಮಾತು ಕೇಳಿದರೆ ಬಾಣಲೆ ಎತ್ತುವಷ್ಟು ಸಿಟ್ಟು. ಊರಿನ ಹಳೆಯ ಕೋವಿಗಳೆಲ್ಲ ಅವಳ ತೋಟಾವನ್ನೇ ಉಣ್ಣುತ್ತಿದ್ದವು. ನಾವು ಅದನ್ನು ಮೆದು ತೋಟಾ ಎನ್ನುತ್ತಿದ್ದೆವು.

ಪ್ರತಿ ಮಾರ್ಚಿನಲ್ಲಿ ನಮ್ಮ ಗುರಿಕಾರರ ಕ್ಲಬ್ಬಿನಲ್ಲಿ ಹಳೆಯ ಕೋವಿಗಳ ದಿನ ನಡೆಯುತ್ತಿತ್ತು. ಹಾರಿಬರುವ ಮಣ್ಣಿನ ತಟ್ಟೆಯನ್ನು ಹೊಡೆಯಬೇಕು. ಉಳಿದ ದಿನಗಳಲ್ಲಿ ತಟ್ಟೆ ಬಿಡಿಸಲು “ಎಳಿ!” ಎಂದು ಕೂಗಿದರೆ, ಅಂದು ಮಾತ್ರ ಕೋವಿಯ ಸತ್ತ ಒಡೆಯನ ಹೆಸರು ಹಿಡಿದು ಕೂಗಬೇಕು. ಇದು ಯಾರು ಹಾಕಿದ ಪದ್ಧತಿಯೋ ತಿಳಿಯದು. ಬಯಲೆಲ್ಲ ಸತ್ತವರ ಹೆಸರುಗಳಿಂದ ತುಂಬಿಹೋಗುತ್ತಿತ್ತು.

ಆ ವರ್ಷ ವಿಮೆಯವರು ತಕರಾರು ತೆಗೆದರು. ಮನೆಯಲ್ಲಿ ತುಂಬಿದ ತೋಟಾ ಮೈದಾನಕ್ಕೆ ಬರಕೂಡದು, ಅಂಗಡಿಯದು ಮಾತ್ರ ಎಂದು ಕ್ಲಬ್ಬು ನಿಯಮ ಮಾಡಿತು. ಅದನ್ನು ತಿಳಿಸಲು ಬಂದವನು ಅಧ್ಯಕ್ಷ ಕ್ಲೆಮ್ ರೊಡ್ಡಾ, ನೆಟ್ಟಿಯ ಚಿಕ್ಕಮ್ಮನ ಮಗ. ನಾನೂ ಅಲ್ಲೇ ಚಹಾ ಕುಡಿಯುತ್ತ ಕುಳಿತಿದ್ದೆ.

“ನೆಟ್, ಇದು ಪೇಟೆಯ ತೋಟಾ. ಹಗುರದ್ದೇ ತಂದಿದೀನಿ,” ಎಂದು ಪೆಟ್ಟಿಗೆ ಮೇಜಿನ ಮೇಲಿಟ್ಟ. “ನೋಡು, ನಿನ್ನ ಕೋವಿಗೂ ಸಲೀಸಾಗಿ ಹೋಗುತ್ತೆ.”

“ಹೋಗೋದೇನೋ ಹೋಗುತ್ತೆ. ಸಿಡಿದ ಮೇಲೆ ಮಡಿಸಿದ ಬಾಯಿ ಬಿಚ್ಕೊಂಡು ಉದ್ದ ಆಗುತ್ತಲ್ಲ, ಆಗ ಈ ಕೋವಿಯ ಗಿಡ್ಡ ಗೂಡಲ್ಲಿ ಜಾಗ ಎಲ್ಲಿದೆಯಪ್ಪಾ? ನಿನ್ನ ತಲೆಯೊಳಗಾ?”

“ಹಾಗಾದ್ರೆ ಕೋವಿ ಕ್ಲಬ್ಬಿನ ಗೋಡೆಗೆ ಕೊಡು. ಗಾಜಿನ ಪೆಟ್ಟಿಗೆ ಮಾಡಿಸ್ತೀವಿ. ದೀಪಾನೂ ಹಾಕಿಸ್ತೀವಿ.”

“ಅಪ್ಪನ್ನ ಒಂದ್ಸಲ ಹೂತಾಗಿದೆ, ಕ್ಲೆಮ್ಮಿ. ಇನ್ನೊಂದ್ಸಲ ಹೂಳಲ್ಲ. ಪೆಟ್ಟಿಗೆ ತಗೊಂಡು ಎದ್ದೇಳು, ಚಹಾ ಕುಡಿದು ಹೋಗ್ತೀನಿ ಅನ್ನೋ ನೆಪಾನೂ ಬೇಡ.”

ಹಳೆಯ ಕೋವಿಗಳ ದಿನ ಬಂತು. ಮುಂಜಾನೆಯಿಂದಲೇ ಬಡಗಣ ಗಾಳಿ. ನೆಟ್ಟಿ ಚರ್ಮದ ಸೊಂಟಪಟ್ಟಿಯ ತುಂಬ ಮೆದು ತೋಟಾ ಸಿಕ್ಕಿಸಿಕೊಂಡು, ಯಾರಿಗೂ ಮರೆಮಾಚದೆ, ಗುರಿಸಾಲಿನಲ್ಲಿ ಮೊದಲನೆಯವಳಾಗಿ ನಿಂತಳು. ತಟ್ಟೆ ಬಿಡುವ ಗುಂಡಿ ಕ್ಲೆಮ್‌ನ ಕೈಯಲ್ಲಿತ್ತು. ಅಂಕ ಬರೆಯಲು ನಾನು ಅವನ ಪಕ್ಕದಲ್ಲಿದ್ದೆ.

“ಜಾಬೆಜ್!” ಎಂದು ಕೂಗಿದಳು.

ತಟ್ಟೆ ಬರಲಿಲ್ಲ.

“ಜಾಬೆಜ್!”

“ಸಾಲು ಬಿಟ್ಟು ಬಾ, ನೆಟ್. ನನ್ನ ಕೈ ಕಟ್ಟಿದೆ.”

“ಬೆರಳು ಕಟ್ಟಿಲ್ವಲ್ಲ! ಒತ್ತು!”

ಸಾಲಿನಲ್ಲಿ ಮುಂದಿನವರು ಹೊಡೆಯುವ ಮುನ್ನ ಹಿಂದಿನವರು ಹೊಡೆಯುವಂತಿಲ್ಲ. ಅದು ವಿಮೆಗಿಂತ ಹಳೆಯ ನಿಯಮ. ನೆಟ್ಟಿ ಕೋವಿಯನ್ನು ಮಡಚಿ ತೆರೆದು, ತೋಟಾ ಹೊರತೆಗೆದು, ತೋಳಿನ ಮೇಲೆ ಹಾಕಿಕೊಂಡು ಅಲ್ಲೇ ನಿಂತಳು. ಅವಳ ಹಿಂದೆ ನಿಂತವರು ಕದಲಲಿಲ್ಲ. “ನೆಟ್ಟಿ, ಕುರ್ಚಿ ತರಲೇನೇ?” ಎಂದು ಒಬ್ಬ ಕೂಗಿದ. “ಕುರ್ಚಿ ಅಧ್ಯಕ್ಷರಿಗೆ ಕೊಡು, ಪಾಪ, ಕಾಲು ನಡುಗ್ತಿದೆ,” ಎಂದಳು. ಹೆಂಗಸರು ಹಿಟ್ಟಿನೊಳಗೆ ಹೂರಣ ಮಡಿಸಿ ಬೇಯಿಸಿದ ಬಿಸಿ ಪಾಸ್ಟಿ ತಂದರು. ಕೋವಿ ತೋಳಿನಲ್ಲಿರುವಂತೆಯೇ ಒಂದು ಕೈಯಲ್ಲಿ ಪಾಸ್ಟಿ ಹಿಡಿದು, ಒಳಗಿನ ಆಲೂಗಡ್ಡೆ, ಟರ್ನಿಪ್ ಗಾಳಿಗೆ ಉದುರದಂತೆ ಬೆನ್ನು ತಿರುಗಿಸಿ ತಿಂದಳು. ನೊಣ ಓಡಿಸಿಕೊಂಡಳು. ಮತ್ತೆ ತಿರುಗಿ ನಿಂತಳು.

ಆಮೇಲೆ ಸಾಲಿನಿಂದಲೇ ಕೇಳಿದಳು: “ಕ್ಲೆಮ್ಮಿ, ನಿನ್ನ ತಾತನ ಕೋವಿ ಎಲ್ಲಿ? ಈ ದಿನಕ್ಕೆ ಯಾವತ್ತೂ ಅದನ್ನ ತರದೆ ಬಂದವನಲ್ಲ ನೀನು.”

ಕ್ಲೆಮ್ ನೆಲ ನೋಡಿದ.

“ಮನೇಲಿದೆ.”

“ಜ್ವರ ಬಂದಿದೆಯಾ ಅದಕ್ಕೆ?”

ಯಾರೋ ನಕ್ಕರು. ಕ್ಲೆಮ್ ನಗಲಿಲ್ಲ. “ನಿಯಮ ನಾನೇ ಮಾಡಿದ್ದು, ನಾನೇ ಮೊದಲು ಪಾಲಿಸಬೇಕು ಅಂತ ಮೊನ್ನೆ ಅಂಗಡಿಯದೇ ಹಾಕಿ ಹೊಡೆದೆ,” ಎಂದ. “ನಳಿಗೆ ಉಳೀತು. ಹಿಡಿಯ ಮರ ಸೀಳಿಹೋಯ್ತು, ಕೆನ್ನೆ ಹತ್ರದಿಂದ ಬುಡದವರೆಗೂ.”

ನೆಟ್ಟಿ ಇನ್ನೇನು ಚುಚ್ಚುವಳೋ ಎಂದು ನಾನು ಹೆದರಿದೆ.

“ನಿನಗೇನೂ ಆಗ್ಲಿಲ್ಲ ತಾನೆ?” ಎಂದಷ್ಟೇ ಕೇಳಿದಳು.

“ಇಲ್ಲ.”

“ಹಾಗಾದ್ರೆ ಒತ್ತು.”

ಎರಡು ತೋಟಾ ತುಂಬಿ ಕೋವಿ ಮುಚ್ಚಿದಳು. ಅಪ್ಪನ ಹೆಸರು ಮೂರನೆಯ ಸಲ ಬಯಲಿಗೆ ಹೋಯಿತು. ಕ್ಲೆಮ್ ಒತ್ತಿದ. ಮೊದಲ ನಳಿಗೆ ತಪ್ಪಿತು. ಎರಡನೆಯದಕ್ಕೆ ತಟ್ಟೆ ಕರಿಯ ಪುಡಿಯಾಗಿ ಗಾಳಿಯಲ್ಲಿ ತೇಲಿತು. ಸದ್ದೂ ಮೆದುವೇ, ಹಳೆಯ ಬಾಗಿಲು ಹಾಕಿಕೊಂಡಂತೆ.

ಅದರಿಂದ ನಿಯಮವೇನೂ ಬದಲಾಗಲಿಲ್ಲ. ವಿಮೆಯವರಿಗೆ ಸುದ್ದಿ ಮುಟ್ಟಿತು. ಕ್ಲೆಮ್ ಅಧ್ಯಕ್ಷ ಪದವಿ ಬಿಟ್ಟ. ಹೊಸ ಸಮಿತಿ ನೆಟ್ಟಿಯ ಸದಸ್ಯತ್ವ ತೆಗೆದುಹಾಕಿತು. ಕ್ಷಮೆ ಕೇಳಿದರೆ ಮರಳಿ ಸೇರಿಸಿಕೊಳ್ಳುವೆವು ಎಂದರು. “ಕೇಳೋದಾದ್ರೆ ಅವರೇ ಬಂದು ಕೇಳ್ಲಿ,” ಎಂದು ಅವಳು ಮದ್ದು ತೂಗುವ ಕೆಲಸಕ್ಕೆ ಮರಳಿದಳು.

ಮರುವರ್ಷದ ಮಾರ್ಚಿನಲ್ಲಿ ಹಳೆಯ ಕೋವಿಗಳ ದಿನ ನಡೆದದ್ದು ಕೊಯ್ಲು ಮುಗಿದ ಅವಳದೇ ಬಾರ್ಲಿ ಹೊಲದಲ್ಲಿ. ಬಹುಮಾನವಿಲ್ಲ, ಚಾವಣಿಯಿಲ್ಲ, ವಿಮೆಯಂತೂ ಇಲ್ಲವೇ ಇಲ್ಲ. ಕ್ಲೆಮ್ ತಾತನ ಕೋವಿಗೆ ಹಿತ್ತಾಳೆಯ ಪಟ್ಟಿ ಬಡಿಸಿ ತಂದಿದ್ದ. ಹೊಸ ಸಮಿತಿಯವನೊಬ್ಬ ಕಾರು ನಿಲ್ಲಿಸಿ, ಬೇಲಿಯಾಚೆಯಿಂದಲೇ ಕೇಳಿದ:

“ಏನಾದ್ರೂ ಆದ್ರೆ ಇದಕ್ಕೆಲ್ಲ ಯಾರಮ್ಮಾ ಜವಾಬ್ದಾರಿ?”

“ನಾನು,” ಎಂದಳು ನೆಟ್ಟಿ. “ಗೇಟಿನ ಮೇಲೆ ಹೆಸರಿದೆ. ಓದ್ಕೊಂಡು ಒಳಗೆ ಬಾ. ಇಲ್ಲಾಂದ್ರೆ ಕಾರು ತೆಗಿ, ಬರೋರಿಗೆ ದಾರಿ ಬಿಡು.”